ತವರಿನ ರೋಗ

ಬೆಳಗಾವಿಯಲ್ಲಿ ಹೊಟ್ಟೆಯ ಬೇನೆಗೆ ಇವರದೇ ಕೊನೆಯ ಮಾತು ಎಂದು ಆಗ ಹೆಸರಾಗಿದ್ದ ದೊಡ್ಡ ಡಾಕ್ಟರು ನನ್ನ ಹೊಟ್ಟೆಯನ್ನು ಒಮ್ಮೆಯೂ ಕೈಯಿಂದ ಮುಟ್ಟಿ ನೋಡಲಿಲ್ಲ. ನನ್ನನ್ನು ಮಾತಾಡಿಸಲೂ ಇಲ್ಲ. ಅವರ ಮೇಜಿನ ಮುಂದೆ ನಾನು ನಡುವಿನ ಕುರ್ಚಿಯಲ್ಲಿ ಕೂತಿದ್ದೆ. ಒಂದು ಬಾಜು ಮಾವ, ಇನ್ನೊಂದು ಬಾಜು ಗಂಡ. ಡಾಕ್ಟರು ನನ್ನನ್ನು ದಾಟಿ ಮಾವನವರ ಕಡೆ ನೋಡಿದರು.

“ಏನ್ರೀ ಸಾವಕಾರ್ರ, ಸೊಸಿಗೆ ಏನ್ ತ್ರಾಸ?”

“ಉಂಡದ್ದು ಮೈಗೆ ಹತ್ತವಲ್ದ್ರೀ. ಹೊಟ್ಟಿ ಉಬ್ಬರಸ್ತೈತಿ, ಜುಲಾಬು ಆಗ್ತಾವು. ಮದಿವಿ ಆದಾಗಿಂದ ಹಿಂಗ ನಡದೈತಿ,” ಎಂದರು ಮಾವ.

“ವಿಚಾರ ಭಾಳ ಮಾಡ್ತಾಳ್ರೀ,” ಎಂದು ನನ್ನ ಗಂಡ ಸೇರಿಸಿದರು.

ಡಾಕ್ಟರು ತಲೆಯಾಡಿಸಿದರು. ವಿಚಾರ ಮಾಡುವ ಹೆಂಗಸರನ್ನು ಅವರು ಬಹಳ ನೋಡಿರಬೇಕು. ನನ್ನ ಮಾವನದು ಖಡೇಬಜಾರಿನಲ್ಲಿ ಪಾತ್ರೆ ಅಂಗಡಿ. ಕಲಾಯಿ ಹೋದ ಪಾತ್ರೆಯನ್ನು ಗಿರಾಕಿಗಳು ತಂದು ಗಲ್ಲೆಯ ಮೇಲೆ ಇಟ್ಟು ಮಾತಾಡುತ್ತಾರಲ್ಲ, ನಾನು ಆ ಕುರ್ಚಿಯಲ್ಲಿ ಹಾಗೆ ಕೂತಿದ್ದೆ. ಪಾತ್ರೆಯನ್ನಾದರೂ ನನ್ನ ಮಾವ ತಿರುವಿ ಹಾಕಿ ತಳ ನೋಡುತ್ತಿದ್ದರು.

ನನ್ನ ತವರು ಖಾನಾಪುರ. ಅಪ್ಪ ಅಲ್ಲಿ ತಾಲೂಕು ಕಚೇರಿಯಲ್ಲಿ ಕಾರಕೂನ. ಊರ ಹೊರಗೆ ಒಂದಿಷ್ಟು ಭತ್ತದ ಗದ್ದೆ ಇತ್ತು. ನಾನು ಡಿಗ್ರಿ ಮುಗಿಸಿ ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಎರಡು ಸಾವಿರದ ಇಸವಿ ಬರುವುದಕ್ಕೆ ಸ್ವಲ್ಪ ಮುಂಚೆ ನನ್ನ ಮದುವೆಯಾಯಿತು. ಬೆಳಗಾವಿಯ ಮನೆ, ಅಂಗಡಿ ಇರುವ ಮನೆ, ಹುಡುಗನಿಗೆ ಚಟವಿಲ್ಲ. ಇಷ್ಟರ ಮೇಲೆ ಏನೂ ಕೇಳಬಾರದೆಂದು ನಮ್ಮವರು ತೀರ್ಮಾನಿಸಿದ್ದರು. ನಾನೂ ಕೇಳಲಿಲ್ಲ.

ಗಂಡನ ಮನೆಯಲ್ಲಿ ಎರಡೂ ಹೊತ್ತು ಚಪಾತಿ. ಮಾವನವರಿಗೆ ಸಕ್ಕರೆ ಕಾಯಿಲೆ. ಅನ್ನ ಬಿಡಿ, ಚಪಾತಿ ತಿನ್ನಿ ಎಂದು ಯಾರೋ ಡಾಕ್ಟರು ಹೇಳಿದ್ದರಂತೆ. ಅವರೊಬ್ಬರಿಗೆ ಹೇಳಿದ್ದನ್ನು ಇಡೀ ಮನೆ ಪಾಲಿಸುತ್ತಿತ್ತು. ಮುಂಜಾನೆ ಉಪ್ಪಿಟ್ಟು, ಮಧ್ಯಾಹ್ನ ಚಪಾತಿ, ಸಂಜೆ ಚಹಾದ ಜೊತೆ ಟೋಸ್ಟು, ರಾತ್ರಿ ಮತ್ತೆ ಚಪಾತಿ. ಹಬ್ಬ ಬಂದರೆ ಗೋಧಿ ಹುಗ್ಗಿ. ಅನ್ನವನ್ನು ಊಟದ ಕೊನೆಗೆ, ತಟ್ಟೆ ತೊಳೆಯುವ ಮುನ್ನ ಎಂಬಂತೆ, ಒಂದು ತುತ್ತು ಬಡಿಸುತ್ತಿದ್ದರು. ಅನ್ನ ತಿನ್ನುವ ಊರಿನಿಂದ ಬಂದವಳೆಂದು ಅತ್ತೆ ಮೊದಲ ವಾರವೇ ನಕ್ಕಿದ್ದರು.

“ನಿಮ್ಮ ಖಾನಾಪುರದಾಗ ಬರೇ ಅನ್ನ ಉಂಡು ಮಕ್ಕೋತೀರಿ. ಅದಕ ಕೈಯಾಗ ಶಕ್ತಿ ಇಲ್ಲ. ಚಪಾತಿ ತಿಂದು ನೋಡು,” ಎಂದರು.

ತಿಂದು ನೋಡಿದೆ. ಎರಡು ತಿಂಗಳು ಕಳೆಯುವ ಹೊತ್ತಿಗೆ ಹೊಟ್ಟೆ ಗುಡುಗುಡು ಎನ್ನುತ್ತಿತ್ತು. ಊಟವಾದ ಮೇಲೆ ಸೀರೆಯ ನೆರಿಗೆ ಸಡಿಲ ಮಾಡಬೇಕಾಗುತ್ತಿತ್ತು. ಮುಂಜಾನೆ ಎದ್ದರೆ ಸಂಡಾಸಕ್ಕೆ ಓಟ, ಹೋಗಿ ಬಂದರೆ ಮತ್ತೆ ಓಟ. ಮನೆಯಲ್ಲಿ ಇದ್ದದ್ದು ಒಂದೇ ಸಂಡಾಸ, ಹಿತ್ತಲಿನಲ್ಲಿ. ಅಲ್ಲಿಗೆ ಹೋಗಬೇಕೆಂದರೆ ಮಾವ ಪೇಪರು ಓದುತ್ತ ಕೂರುವ ಪಡಸಾಲೆಯನ್ನೇ ದಾಟಬೇಕು. ನಾನು ದಾಟುವಾಗಲೆಲ್ಲ ಅವರು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿಯುತ್ತಿದ್ದರು. ಅದು ಮರ್ಯಾದೆಯೋ ಅಸಹ್ಯವೋ ನನಗೆ ಇವತ್ತಿಗೂ ತಿಳಿಯದು.

ಮೊದಲು ಅತ್ತೆಯ ಮನೆಮದ್ದು ನಡೆಯಿತು. ಓಂಕಾಳು ಜಗಿಸಿದರು. ಬಿಸಿನೀರಿಗೆ ಹಿಂಗು ಕದಡಿ ಕುಡಿಸಿದರು. ಆಮೇಲೆ ಓಣಿಯ ಡಾಕ್ಟರು. ಅವರು ಎಲ್ಲರಿಗೂ ಒಂದೇ ಸೂಜಿಮದ್ದು ಚುಚ್ಚುವ, ಎಲ್ಲರಿಗೂ ಒಂದೇ ಬಣ್ಣದ ಗುಳಿಗೆ ಕೊಡುವ ಸಮತಾವಾದಿ. ನನಗೆ “ಗ್ಯಾಸ್” ಎಂದರು. ನನ್ನ ಮುಂದೆ ಕೂತಿದ್ದ ಮುದುಕನಿಗೂ ಗ್ಯಾಸ್ ಎಂದಿದ್ದರು. ಅವನು ಎದೆ ಹಿಡಿದುಕೊಂಡಿದ್ದ. ಗ್ಯಾಸ್ ಹೋಗದಿದ್ದಾಗ ಅದು ಜಂತು ಆಯಿತು. ಜಂತಿನ ಗುಳಿಗೆ ನುಂಗಿದರೂ ನಿಲ್ಲದಿದ್ದಾಗ ಆಮಶಂಕೆ ಆಯಿತು. ಅದರ ಔಷಧಿಗೆ ಬಾಯಿ ತಾಮ್ರ ನೆಕ್ಕಿದಂತಾಗುತ್ತಿತ್ತು. ಮಲ ಪರೀಕ್ಷೆ ಮಾಡಿಸುವುದು ಬೇಡವೇ ಎಂದು ನಾನೇ ಒಮ್ಮೆ ಕೇಳಿದೆ. ಅವರಿಗೆ ಸಿಟ್ಟು ಬಂತು.

“ಟೀಚರ್ ಇದ್ದೀರೇನು ನೀವು?” ಎಂದು ಕೇಳಿದರು. ಹೌದೆಂದೆ. “ಅದಕ ಹಂಗ,” ಎಂದು ಮುಂದಿನವರನ್ನು ಕರೆದರು.

ಎಲ್ಲ ಡಾಕ್ಟರುಗಳೂ ಒಂದು ವಿಷಯದಲ್ಲಿ ಒಮ್ಮತದಿಂದ ಇದ್ದರು. ಹೊಟ್ಟೆ ಕೆಟ್ಟವರಿಗೆ ಹಗುರಾದ ಆಹಾರ ಕೊಡಬೇಕು. ಹಗುರ ಎಂದರೆ ಬ್ರೆಡ್ಡು, ಬಿಸ್ಕೀಟು, ರವೆಯ ಗಂಜಿ, ತೆಳ್ಳಗೆ ಲಟ್ಟಿಸಿದ ಚಪಾತಿ. ನನ್ನ ಗಂಡ ಅಂಗಡಿಯಿಂದ ಬರುವಾಗ ಮರೆಯದೆ ಬ್ರೆಡ್ಡು ತರುತ್ತಿದ್ದರು. ಅದು ಅವರ ಪ್ರೀತಿ. ನಾನು ಅದನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದೆ, ಮತ್ತೆ ಪಡಸಾಲೆ ದಾಟುತ್ತಿದ್ದೆ. ಕೂದಲು ಉದುರಿ ಬೈತಲೆ ಅಗಲವಾಯಿತು. ಬಾಯಿಯ ಮೂಲೆಗಳು ಒಡೆದವು. ನಾಲಗೆಗೆ ಉಪ್ಪು ತಾಗಿದರೂ ಉರಿ. ಎರಡು ಸಲ ಬಸಿರಾಗಿ ಎರಡು ಸಲವೂ ನಿಲ್ಲಲಿಲ್ಲ. ಆ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಬಂದು ನೋಡಿದ ಹೆಂಗಸರು ಮಾತ್ರ ಹೊಟ್ಟೆಯನ್ನು ಅಷ್ಟು ಕೆಡಿಸಿಕೊಂಡರೆ ಕೂಸು ಹೇಗೆ ನಿಂತೀತು ಎಂದು ಹೇಳಿ ಚಹಾ ಕುಡಿದು ಹೋದರು. ನಾನು ಬೇಕೆಂದೇ ಹೊಟ್ಟೆ ಕೆಡಿಸಿಕೊಂಡೆ ಎಂಬ ಅರ್ಥ ಆ ಮಾತಿನಲ್ಲಿತ್ತು.

ಆದರೆ ಖಾನಾಪುರಕ್ಕೆ ಹೋದರೆ ನಾನು ಸುಧಾರಿಸುತ್ತಿದ್ದೆ. ಮೊದಲ ಕೆಲವು ದಿನ ಹಾಗೇ ಇರುತ್ತಿತ್ತು, ಆಮೇಲೆ ಹೊಟ್ಟೆ ಇಳಿಯುತ್ತಿತ್ತು, ನಿದ್ದೆ ಬರುತ್ತಿತ್ತು. ಅವ್ವ ಮಾಡುವ ಅಕ್ಕಿ ರೊಟ್ಟಿ, ಅನ್ನ, ಸಾರು, ಹಲಸಂದಿ ಕಾಳಿನ ಪಲ್ಯ, ಇಷ್ಟೇ ನಮ್ಮ ಊಟ. ಎರಡು ಮೂರು ವಾರ ಅಲ್ಲಿದ್ದರೆ ಮಲಪ್ರಭೆಯ ದಂಡೆಯವರೆಗೆ ನಡೆದು ಬರುವಷ್ಟು ಕಸುವು ಬರುತ್ತಿತ್ತು. ಬೆಳಗಾವಿಯ ಬಸ್ಸು ಹತ್ತಿ ವಾಪಸು ಬಂದರೆ ಮತ್ತೆ ಶುರು. ಇದನ್ನು ಎಲ್ಲರೂ ನೋಡಿದ್ದರು. ನೋಡಿ ಎಲ್ಲರೂ ಒಂದೇ ಅರ್ಥ ಮಾಡಿಕೊಂಡಿದ್ದರು.

ಆ ಅರ್ಥಕ್ಕೆ ವೈದ್ಯಶಾಸ್ತ್ರದ ಮುದ್ರೆ ಒತ್ತಿದವರು ದೊಡ್ಡ ಡಾಕ್ಟರು. ಅವರು ಬಾಯಿಯೊಳಗೆ ನಳಿಗೆ ಇಳಿಸಿ ನನ್ನ ಹೊಟ್ಟೆಯನ್ನು ಒಳಗಿನಿಂದ ನೋಡಿದರು. ಹೊರಗಿನಿಂದ ನೋಡದವರು ಒಳಗಿನಿಂದ ನೋಡಿದ್ದು ದೊಡ್ಡದೇ. ಹುಣ್ಣಿಲ್ಲ, ಬಾವಿಲ್ಲ, ಎಲ್ಲ ಸರಿಯಾಗಿದೆ ಎಂದರು. ಆಗ ಮಾವ, ಮುಜುಗರದಿಂದಲೇ, ತವರಿಗೆ ಹೋದರೆ ಇವಳಿಗೆ ಆರಾಮಾಗುತ್ತದೆ ಎಂಬ ಮಾತನ್ನು ತೆಗೆದರು. ಡಾಕ್ಟರು ಕುರ್ಚಿಗೆ ಒರಗಿ ನಕ್ಕರು.

“ಹಂಗಾರ ಸಾವಕಾರ್ರ, ಇದು ಹೊಟ್ಟಿ ರೋಗ ಅಲ್ಲ. ತವರಿನ ರೋಗ. ಇದಕ ನನ್ನ ಕಡೆ ಔಷಧ ಇಲ್ಲ.”

ಮಾವ ನಕ್ಕರು. ಗಂಡ ನಕ್ಕರು. ಬಾಗಿಲಲ್ಲಿ ನಿಂತಿದ್ದ ನರ್ಸೂ ನಕ್ಕಳು. ನನಗೆ ಕಣ್ಣಲ್ಲಿ ನೀರು ಬರುವುದಿತ್ತು, ಬಂದರೆ ಅದನ್ನೂ ರೋಗದ ಗುರುತೆಂದು ಬರೆದುಕೊಳ್ಳುತ್ತಾರೆಂದು ತಡೆದುಕೊಂಡೆ. ಔಷಧ ಇಲ್ಲ ಎಂದವರು ಮನಸ್ಸು ಶಾಂತವಾಗುವ ಗುಳಿಗೆ ಬರೆದುಕೊಟ್ಟರು. ರಕ್ತ ಕಡಿಮೆ ಇದ್ದುದರಿಂದ ಕಬ್ಬಿಣದ ಗುಳಿಗೆಯನ್ನೂ ಬರೆದರು. ಊಟಕ್ಕೆ ಏನು ಕೊಡಬೇಕೆಂದು ಗಂಡ ಕೇಳಿದರು. “ಹಗುರ ಕೊಡ್ರಿ. ಬ್ರೆಡ್, ರವಾ ಗಂಜಿ,” ಎಂದರು.

ತವರಿನ ರೋಗ ಎಂಬ ಮಾತು ನಮ್ಮ ನೆಂಟರ ಮನೆಗಳಲ್ಲೆಲ್ಲ ಓಡಾಡಿತು. ಶಹಾಪುರದ ನಾದಿನಿಯ ಮನೆಗೆ ಹೋದರೆ ಅವಳ ಗಂಡ “ಹೆಂಗೈತ್ರೀ ತವರಿನ ರೋಗ?” ಎಂದೇ ಮಾತು ಶುರುಮಾಡುತ್ತಿದ್ದ. ಜೀವನದಲ್ಲಿ ಸ್ವಂತದ್ದೊಂದು ಹಾಸ್ಯ ಹುಟ್ಟಿಸದವನು, ಸಿಕ್ಕಿದ ಇನ್ನೊಬ್ಬರ ಹಾಸ್ಯವನ್ನು ಸವೆಯುವ ತನಕ ಬಳಸಿದ. ನನಗೆ ಹೆಚ್ಚು ನೋವಾದದ್ದು ಅಪ್ಪನಿಂದ. ಬೀಗರು ಹೀಗೆ ಅನ್ನುತ್ತಿದ್ದಾರೆಂದು ಕೇಳಿ ಅವರು ನನ್ನನ್ನು ಕರೆಯುವುದನ್ನೇ ಬಿಟ್ಟರು.

“ಪದೇ ಪದೇ ಬಂದ್ರ ಮಂದಿ ಏನಂದಾರು? ಅಲ್ಲೇ ಹೊಂದ್ಕೊಂಡು ಇರು,” ಎಂದರು ಫೋನಿನಲ್ಲಿ. ಅಪ್ಪನ ದನಿಯಲ್ಲಿ ಕಚೇರಿಯ ದನಿ ಇತ್ತು, ಅರ್ಜಿ ತಿರಸ್ಕರಿಸುವವರದು.

ತವರಿಗೆ ಹೋಗುವುದು ನಿಂತ ಮೇಲೆ ನಾನು ಬೇಗ ಬೇಗ ಇಳಿದುಹೋದೆ. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಒಂದು ದಿನ ಮುಂಜಾನೆ ಬಚ್ಚಲಲ್ಲಿ ಬಿದ್ದೆ. ಮಾವನಿಗೆ ಆಗ ನಿಜವಾಗಿ ಹೆದರಿಕೆಯಾಯಿತು. ಆಟೋ ತರಿಸಿ, ನನ್ನ ಗಂಡನನ್ನೂ ಕೂಡಿಸಿಕೊಂಡು ಅದೇ ದವಾಖಾನೆಗೆ ಕರೆದುಕೊಂಡು ಹೋದರು.

ದೊಡ್ಡ ಡಾಕ್ಟರು ಊರಲ್ಲಿರಲಿಲ್ಲ. ಪರದೇಶದಲ್ಲಿ ಯಾವುದೋ ಸಮ್ಮೇಳನವಂತೆ. ಹೊಟ್ಟೆಯ ಬಗ್ಗೆ ಭಾಷಣ ಮಾಡಲಿಕ್ಕೇ ಹೋಗಿದ್ದರೋ ಏನೋ. ಅವರ ಕುರ್ಚಿಯಲ್ಲಿ ಒಬ್ಬ ಹುಡುಗ ಡಾಕ್ಟರು ಕೂತಿದ್ದ. ಉತ್ತರ ಭಾರತದ ಕಡೆ ದೊಡ್ಡ ಆಸ್ಪತ್ರೆಯಲ್ಲಿ ಕಲಿತು ಈಗಷ್ಟೇ ಬಂದವನು. ಮಾತು ನಮ್ಮದೇ ಕಡೆಯದು, ಆದರೆ ಮುಖದಲ್ಲಿ ನಗುವಿಲ್ಲ. ಅಂಗಿಯ ಕಾಲರು ಮಾಸಿತ್ತು. ಮಾವ ನಮಸ್ಕಾರ ಮಾಡಿದರೆ ತಿರುಗಿ ಮಾಡಲಿಲ್ಲ. ಇವನೇನು ನೋಡಿಯಾನು ಎಂಬುದು ಮಾವನ ಮುಖದ ಮೇಲೆ ಕಾಣುತ್ತಿತ್ತು. ಖರೇ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು.

“ಏನ್ ತ್ರಾಸ?” ಎಂದು ನನ್ನನ್ನೇ ಕೇಳಿದ.

“ಜುಲಾಬ್ರೀ,” ಎಂದರು ಮಾವ.

“ನಿಮಗೇನ್ರೀ?”

“ನನಗಲ್ರೀ, ಸೊಸಿಗೆ.”

“ಹಂಗಾರ ಸೊಸಿ ಹೇಳ್ಲಿ. ನೀವಿಬ್ರೂ ಹೊರಗ ಕುಂದರ್ರಿ. ನರ್ಸ್ ಇರ್ತಾರ ಇಲ್ಲಿ.”

ಇಬ್ಬರೂ ಎದ್ದು ಹೋದರು. ಹೋಗುವಾಗ ಗಂಡ ಒಮ್ಮೆ ತಿರುಗಿ ನೋಡಿದರು. ನಾನಿಲ್ಲದೆ ಇವಳಿಗೆ ಉತ್ತರ ಗೊತ್ತಿರಲಿಕ್ಕಿಲ್ಲ ಎಂಬ ಚಿಂತೆ ಅವರಿಗಿದ್ದಿರಬೇಕು.

ಆಮೇಲೆ ಅವನು ಕೇಳಿದ ಪ್ರಶ್ನೆಗಳನ್ನು ಅಷ್ಟರವರೆಗೆ ಯಾವ ಗಂಡಸೂ, ಯಾವ ಹೆಂಗಸೂ ನನ್ನನ್ನು ಕೇಳಿರಲಿಲ್ಲ. ಸಂಡಾಸಕ್ಕೆ ಎಷ್ಟು ಸಲ ಎಂದು ಎಲ್ಲರೂ ಕೇಳುತ್ತಾರೆ. ಇವನು ಅದು ನೀರಿನ ಹಾಗೆ ಹೋಗುತ್ತದೋ, ಸಗಣಿಯ ಹಾಗೋ ಎಂದು ಕೇಳಿದ. ಬಣ್ಣ ಹೇಗೆ? ರಕ್ತ ಬೀಳುತ್ತದೆಯೆ? ನೀರು ಹಾಕಿದರೆ ಹೋಗುತ್ತದೋ, ಅಂಟಿಕೊಂಡು ಕೂರುತ್ತದೋ? ನಾಚಿಕೆಯಿಂದ ನನಗೆ ಕಿವಿ ಬಿಸಿಯಾದವು. ಅವನಿಗೆ ನನ್ನ ನಾಚಿಕೆ ಕಾಣಲೇ ಇಲ್ಲ. ಅಡುಗೆಯವನನ್ನು ಸಾರಿಗೆ ಹುಣಸೆ ಎಷ್ಟು ಹಾಕಿದೆ ಎಂದು ಕೇಳುವ ದನಿಯಲ್ಲೇ ಕೇಳುತ್ತ ಹೋದ.

“ಬೆಳ್ಳಗಿರ್ತೈತ್ರೀ. ಭಾಳ ವಾಸನಿ. ತೇಲ್ತೈತಿ. ಎಷ್ಟು ನೀರು ಹಾಕಿದ್ರೂ ಹೋಗೂದಿಲ್ಲ,” ಎಂದೆ. ಮೂರು ವರ್ಷ ನಾನು ಹೊತ್ತುಕೊಂಡಿದ್ದ ಅತಿ ದೊಡ್ಡ ಗುಟ್ಟು ಅದು. ಹಿತ್ತಲಿನಲ್ಲಿ ಬಕೀಟುಗಟ್ಟಲೆ ನೀರು ಹೊತ್ತು ಹಾಕುತ್ತಿದ್ದೆ, ನನ್ನ ನಂತರ ಹೋಗುವವರಿಗೆ ತಿಳಿಯಬಾರದೆಂದು.

ಅವನು ತಲೆ ಎತ್ತಿದ. ಆ ಮುಖದಲ್ಲಿ ಕರುಣೆ ಇರಲಿಲ್ಲ. ಕುತೂಹಲ ಇತ್ತು. ಕರುಣೆ ನನಗೆ ಅಷ್ಟರಲ್ಲಿ ಬೇಕಾದಷ್ಟು ಸಿಕ್ಕಿತ್ತು, ಅದರಿಂದ ಯಾವ ಉಪಯೋಗವೂ ಆಗಿರಲಿಲ್ಲ.

ನಾಲಗೆ ಹೊರಗೆ ಚಾಚಲು ಹೇಳಿದ. ಬಾಯಿಯ ಮೂಲೆ ನೋಡಿದ. ಕೈ ಹಿಡಿದು ಉಗುರುಗಳನ್ನು ಬೆಳಕಿಗೆ ತಿರುಗಿಸಿ ನೋಡಿದ. ನನ್ನ ಉಗುರುಗಳು ಚಮಚದ ಹಾಗೆ ಒಳಗೆ ತಗ್ಗಾಗಿದ್ದವು. ಮಂಚದ ಮೇಲೆ ಮಲಗಿಸಿ, ಮಂಡಿ ಮಡಚಿಸಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತುತ್ತ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಂದ. ಬೆರಳಿನಿಂದ ಬೆರಳಿಗೆ ಬಡಿದು ಸಪ್ಪಳ ಕೇಳಿದ. ಇಷ್ಟಕ್ಕೆ ಬಹಳ ಹೊತ್ತೇನೂ ಹಿಡಿಯಲಿಲ್ಲ. ಊರಿನ ದೊಡ್ಡ ದೊಡ್ಡ ಡಾಕ್ಟರುಗಳಿಗೆ ಬಿಡುವಾಗದ ಕೆಲಸ ಇಷ್ಟೇ ಇತ್ತು.

“ಯಾವಾಗರೆ ಆರಾಮ ಆಗ್ತೈತೇನು?” ಎಂದು ಕೇಳಿದ.

ನನ್ನ ಕಣ್ಣು ಗೋಡೆಯ ಕಡೆ ಹೋಯಿತು. ಗೋಡೆಯ ಪಕ್ಕ ನಿಂತಿದ್ದ ನರ್ಸು ಆವತ್ತು ನಕ್ಕವಳೇ. ಅವಳ ತುಟಿ ಆಗಲೇ ಅರಳುತ್ತಿತ್ತು.

“ಹೇಳ್ರಿ,” ಎಂದ.

“ತವರಮನಿಗೆ ಹೋದ್ರ ಆರಾಮ ಆಗ್ತೈತ್ರೀ. ಖಾನಾಪುರ.”

“ಅಲ್ಲಿ ಏನು ತಿಂತೀರಿ?”

ಇಷ್ಟೇ ಅವನು ಕೇಳಿದ್ದು. ಎಲ್ಲರೂ ನಕ್ಕ ಜಾಗದಲ್ಲಿ ಅವನು ಒಂದು ಪ್ರಶ್ನೆ ಕೇಳಿದ. ನಾನು ಅನ್ನ, ಅಕ್ಕಿ ರೊಟ್ಟಿ, ಸಾರು ಎಂದೆ. ಇಲ್ಲಿ ಏನು ತಿನ್ನುತ್ತೀರಿ ಎಂದ. ಚಪಾತಿ, ಉಪ್ಪಿಟ್ಟು, ಬ್ರೆಡ್ಡು ಎಂದೆ. ಹೇಳುತ್ತ ಹೇಳುತ್ತ ನನ್ನ ಮಾತು ನಿಧಾನವಾಯಿತು. ನಾನೇ ಆಡಿದ ಮಾತು ನನಗೇ ಮೊದಲ ಸಲ ಕೇಳಿಸಿದ ಹಾಗಾಯಿತು.

“ಸಣ್ಣಾಕಿದ್ದಾಗ ಹಬ್ಬಕ್ಕ ಹುಗ್ಗಿ ಉಂಡ್ರ?”

“ಹೊಟ್ಟಿ ಕೆಡ್ತಿತ್ರೀ. ಆಸೆಬುರುಕಿ, ಜಾಸ್ತಿ ತಿಂದಾಳ ಅಂತಿದ್ರು.”

ಅವನು ಗಂಡನನ್ನೂ ಮಾವನನ್ನೂ ಒಳಗೆ ಕರೆದ. ಮತ್ತೆ ನಳಿಗೆ ಇಳಿಸಬೇಕು, ಮುಂಬೈಗೆ ರಕ್ತ ಕಳಿಸಬೇಕು ಎಂದ.

“ದೊಡ್ಡ ಡಾಕ್ಟರ್ ಸಾಹೇಬ್ರು ಎಲ್ಲಾ ನೋಡ್ಯಾರಲ್ರೀ. ಏನೂ ಇಲ್ಲಂದಾರ,” ಎಂದರು ಗಂಡ.

“ಅವ್ರು ಹೊಟ್ಟಿ ನೋಡ್ಯಾರ. ಅದರ ಮುಂದ ಸಣ್ಣ ಕರಳು ಐತಿ. ಅಲ್ಲಿಂದ ಒಂದೀಟು ಚೂರು ತಗದು ನೋಡಬೇಕು. ಈಕಿಗೆ ಗೋಧಿ ಆಗಿಬರೂದಿಲ್ಲ ಅಂತ ನನಗ ಅನಸ್ತೈತಿ. ಗೋಧಿಯಿಂದ ಕರಳಿನ ಒಳಗಿನ ಪದರ ಸವದು ಹೋಗ್ತೈತಿ, ತಿಂದದ್ದು ಮೈಗೆ ಹತ್ತೂದಿಲ್ಲ. ರಕ್ತ ಏರೂದಿಲ್ಲ. ಬಸರೂ ನಿಂದ್ರೂದಿಲ್ಲ.”

ಕೊನೆಯ ಮಾತಿಗೆ ಮಾವ ನೆಲ ನೋಡಿದರು.

“ಹಂಗಾರ ಇವತ್ತಿಂದ ಗೋಧಿ ಬಿಡಿಸೂಣೇನ್ರೀ?” ಎಂದು ಗಂಡ ಕೇಳಿದರು.

“ಬ್ಯಾಡ. ಪರೀಕ್ಷಾ ಮುಗಿಯೂತನ ತಿನ್ನಬೇಕು. ಬಿಟ್ರ ಪರೀಕ್ಷಾದಾಗ ಸಿಗೂದಿಲ್ಲ,” ಎಂದು ಹೇಳಿ ಮುಂದಿನ ರೋಗಿಗೆ ಗಂಟೆ ಒತ್ತಿದ. ನನಗೆ ಒಂದು ಸಮಾಧಾನದ ಮಾತು ಹೇಳಲಿಲ್ಲ.

ಆ ವಾರ ನಾನು ಚಪಾತಿ ತಿಂದ ರೀತಿಯನ್ನು ಮರೆಯಲಾರೆ. ಅದಕ್ಕೆ ಮುಂಚೆ ತಿಂದು ಒದ್ದಾಡುತ್ತಿದ್ದೆ, ಯಾಕೆಂದು ತಿಳಿಯದೆ. ಈಗ ತಟ್ಟೆಯಲ್ಲಿದ್ದುದನ್ನು ನೋಡಿ, ತಿಳಿದು, ಮುರಿದು ಬಾಯಿಗಿಟ್ಟುಕೊಳ್ಳುತ್ತಿದ್ದೆ. ಅತ್ತೆ ಎದುರಿಗೇ ಕೂತಿರುತ್ತಿದ್ದರು.

“ಗೋಧಿ ಯಾರಿಗರೆ ಆಗಿಬರದಂಗ ಇರ್ತೈತೇನು? ದೇವರಿಗೆ ನೈವೇದ್ಯ ಮಾಡ್ತೀವಿ ಅದನ್ನ. ಆ ಹುಡುಗ ಡಾಕ್ಟರ್‌ಗೆ ತಲಿ ಸರಿ ಇಲ್ಲ,” ಎನ್ನುತ್ತಿದ್ದರು.

ಪರೀಕ್ಷೆಗಳು ಅವನು ಹೇಳಿದ್ದನ್ನೇ ಹೇಳಿದವು. ಮುಂಬೈಯಿಂದ ರಕ್ತದ ಫಲಿತಾಂಶ ಬಂದ ದಿನ ಅವನು ನಮ್ಮನ್ನು ಕರೆಸಿ, ಗೋಧಿ ಬಿಡಬೇಕು ಎಂದ. ಎಷ್ಟು ದಿನ ಎಂದು ಗಂಡ ಕೇಳಿದರು. ಸಾಯುವತನಕ ಎಂದ. ರವೆ, ಮೈದಾ, ಶಾವಿಗೆ, ಬ್ರೆಡ್ಡು, ಬಿಸ್ಕೀಟು ಎಲ್ಲ ಗೋಧಿಯೇ ಎಂದು ಒಂದೊಂದಾಗಿ ಹೇಳಿದ. ಜೋಳ, ಅಕ್ಕಿ, ರಾಗಿ, ಸಜ್ಜೆ ತಿನ್ನಬಹುದು. ಅಂಗಡಿಯ ಹಿಂಗಿಗೂ ಗೋಧಿ ಹಿಟ್ಟು ಕಲಸಿರುತ್ತಾರೆ, ಅದೂ ಬೇಡ ಎಂದ. ಅತ್ತೆ ಕುಡಿಸಿದ್ದ ಹಿಂಗಿನ ನೀರು ನೆನಪಾಯಿತು. ಡಾಕ್ಟರುಗಳು ಬರೆದುಕೊಟ್ಟ ಹಗುರ ಊಟ ನೆನಪಾಯಿತು. ನನ್ನನ್ನು ಉಳಿಸಲೆಂದು ಇವರೆಲ್ಲ ಕೂಡಿ, ಎಷ್ಟು ಕಾಳಜಿಯಿಂದ, ತಪ್ಪದೆ, ಹೊತ್ತು ಹೊತ್ತಿಗೆ ವಿಷ ಹಾಕಿದ್ದರು.

ಅವತ್ತೇ ನಾನು ಗಂಡನಿಗೆ ಹೇಳಿದೆ. “ನಾ ಖಾನಾಪುರಕ್ಕ ಹೋಗ್ತೀನಿ. ಮೈ ಹಿಡಿಯೂತನ ಬರೂದಿಲ್ಲ.”

“ಮನಿಯಾಗ ಬ್ಯಾರೆ ಅಡಗಿ ಮಾಡಿದ್ರಾತಲ್ಲ,” ಎಂದರು.

“ಯಾರು ಮಾಡ್ತಾರ?”

ನಾನು ಹೋದೆ. ಅಪ್ಪ ಬಸ್‌ಸ್ಟ್ಯಾಂಡಿಗೆ ಬಂದಿದ್ದರು. ನನ್ನ ಚೀಲ ತೆಗೆದುಕೊಂಡು ಮುಂದೆ ಮುಂದೆ ನಡೆದರು. ತಪ್ಪಾಯಿತು ಎಂದು ಹೇಳುವುದು ಕಾರಕೂನರಿಗೆ ಬರುವುದಿಲ್ಲ.

ಅವ್ವನ ಅನ್ನ ತಿಂದು ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಕುಪ್ಪಸಗಳು ಬಿಗಿಯಾದವು. ಬೈತಲೆಯ ಬದಿಯಲ್ಲಿ ಸಣ್ಣ ಕೂದಲು ಮುಳ್ಳಿನ ಹಾಗೆ ಎದ್ದು ನಿಂತವು. ಹಳೆಯ ಶಾಲೆಯವರು ಕರೆದರೆಂದು ಮತ್ತೆ ಕಲಿಸಲು ಹೋದೆ. ಗಂಡ ರಜೆಯ ದಿನ ಬಂದು ಹೋಗುತ್ತಿದ್ದರು. ಬ್ರೆಡ್ಡಿನ ಬದಲು ಬಾಳೆಹಣ್ಣು ತರುತ್ತಿದ್ದರು.

ಬೆಳಗಾವಿಗೆ ವಾಪಸು ಬಂದಾಗ ಅತ್ತೆ ನನಗೆಂದೇ ಬೇರೆ ಜೋಳದ ರೊಟ್ಟಿ ಮಾಡತೊಡಗಿದರು. ಕೆಲವು ದಿನ ಎಲ್ಲ ಸರಿಯಿತ್ತು. ಆಮೇಲೆ ಒಂದು ಸಂಜೆ ಹೊಟ್ಟೆ ಮತ್ತೆ ಉಬ್ಬಿತು. ಮರುದಿನ ಇನ್ನೂ ಹೆಚ್ಚಾಯಿತು. ಹಿತ್ತಲಿಗೆ ಹೋಗಿ ಬರುವುದು ಶುರುವಾಯಿತು. ನಾನು ಏನೇನು ತಿಂದೆನೆಂದು ನೆನೆಸಿ ನೆನೆಸಿ ಸೋತೆ. ಮೂರನೆಯ ದಿನ ಅಡುಗೆಮನೆಯಲ್ಲಿ ಅತ್ತೆ ತಾವಾಗಿಯೇ ಹೇಳಿದರು.

“ಖರೇನ ಐತಿ ನಿಂದು. ನಾ ರೊಟ್ಟಿ ಹಿಟ್ಟಿನಾಗ ಎರಡು ದಿನ ಒಂದೊಂದು ಹಿಡಿ ಗೋಧಿ ಹಿಟ್ಟು ಕಲಸಿದ್ದೆ. ನೋಡೂಣು ಅಂತ.”

ಅವರ ಮುಖದಲ್ಲಿ ಅಳುಕಿರಲಿಲ್ಲ. ಸಂಶಯ ಬಗೆಹರಿದವರ ನೆಮ್ಮದಿ ಇತ್ತು.

“ನಾ ಸತ್ತಿದ್ರ ಏನ್ ಮಾಡ್ತಿದ್ರಿ ಅತ್ತೀ?” ಎಂದು ಕೇಳಿದೆ.

“ಒಂದು ಹಿಡಿಗೆ ಯಾರೂ ಸಾಯೂದಿಲ್ಲ. ಇಷ್ಟು ದಿನ ಸತ್ತಿಯೇನು?” ಎಂದರು.

ಎಷ್ಟೋ ವರ್ಷ ನಾನು ಈ ಮಾತನ್ನು ಸಿಟ್ಟಿನಿಂದಲೇ ನೆನೆದಿದ್ದೇನೆ. ಇವತ್ತೂ ಕ್ಷಮಿಸಿಲ್ಲ. ಆದರೆ ಒಂದನ್ನು ಒಪ್ಪಿಕೊಳ್ಳಲೇಬೇಕು. ಓಣಿಯ ಡಾಕ್ಟರೂ ದೊಡ್ಡ ಡಾಕ್ಟರೂ ನನ್ನ ಮೇಲೆ ಹೊರಿಸಿದ್ದು ಬರೀ ಅಭಿಪ್ರಾಯ. ಅತ್ತೆ ಮಾಡಿದ್ದು ಪರೀಕ್ಷೆ. ಕೊಟ್ಟು ನೋಡಿದರು, ಕಂಡದ್ದನ್ನು ನಂಬಿದರು. ಅಂದಿನಿಂದ ನನ್ನ ಹಿಟ್ಟಿನ ಡಬ್ಬಿಯನ್ನು ಬೇರೆ ಕಪಾಟಿನಲ್ಲಿ ಇಟ್ಟರು, ನನ್ನ ಹಂಚನ್ನು ಯಾರೂ ಮುಟ್ಟದಂತೆ ಕಾದರು. ಶಹಾಪುರದ ಅಳಿಯ ಒಮ್ಮೆ ತನ್ನ ಹಳೆಯ ಹಾಸ್ಯ ತೆಗೆದಾಗ, “ಬಾಯಿ ಮುಚ್ಚು. ಆಕಿ ಕರಳು ಸವದಿದ್ವು, ನಿನಗೇನ್ ಗೊತ್ತು?” ಎಂದು ಗದರಿದರು. ಅವನು ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ದೊಡ್ಡ ಡಾಕ್ಟರು ಪರದೇಶದಿಂದ ಬಂದಿದ್ದರು. ಅವರಿಗೊಮ್ಮೆ ತೋರಿಸಿ ಬರುವುದು ಮರ್ಯಾದೆ ಎಂದು ಮಾವ ಹಟ ಹಿಡಿದರು. ಹುಡುಗ ಡಾಕ್ಟರು ಆಗಲೇ ಆ ದವಾಖಾನೆ ಬಿಟ್ಟಿದ್ದ. ದೊಡ್ಡವರು ನನ್ನ ಕೆನ್ನೆ ನೋಡಿ ಸಂತೋಷಪಟ್ಟರು.

“ನಾ ಮೊದಲ ಅಂದಿದ್ದೆ ಸಾವಕಾರ್ರ, ಊಟದ ಕಡೆ ಲಕ್ಷ್ಯ ಕೊಡ್ರಿ ಅಂತ,” ಎಂದರು.

ಮಾವ ಕೈ ಮುಗಿದರು. ನಾನು ಮುಗಿಯಲಿಲ್ಲ.

“ನೀವು ಬ್ರೆಡ್ ತಿನ್ನಾಕ ಹೇಳಿದ್ರಿ,” ಎಂದೆ.

ಡಾಕ್ಟರು ಮೊದಲ ಸಲ ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದರು. ಮಾತಾಡುವ ಪಾತ್ರೆಯನ್ನು ನೋಡುವ ಹಾಗೆ ನೋಡಿದರು. ಆಮೇಲೆ ಮಾವನ ಕಡೆ ತಿರುಗಿ ಅವರ ಸಕ್ಕರೆ ಎಷ್ಟಿದೆ ಎಂದು ವಿಚಾರಿಸಿದರು. ದಾರಿಯಲ್ಲಿ ಆಟೋದಲ್ಲಿ ಮಾವ, ದೊಡ್ಡವರ ಮುಂದೆ ಹಾಗೆ ಮಾತಾಡಬಾರದಿತ್ತು ಎಂದರು. ಗಂಡ ಮಾತ್ರ, “ಆಕಿ ಹೇಳಿದ್ದು ಸುಳ್ಳೇನಲ್ಲ,” ಎಂದರು. ಮದುವೆಯಾದ ಮೇಲೆ ಅವರು ತಮ್ಮ ಅಪ್ಪನ ಮಾತಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎಷ್ಟು ಮೆಲ್ಲಗೆ ಹೇಳಿದರೆಂದರೆ ಆಟೋದವನಿಗೂ ಕೇಳಿಸಿರಲಿಕ್ಕಿಲ್ಲ.

ಹುಡುಗ ಡಾಕ್ಟರು ಟಿಳಕವಾಡಿಯ ಒಂದು ಗಲ್ಲಿಯಲ್ಲಿ ತನ್ನದೇ ಸಣ್ಣ ದವಾಖಾನೆ ಇಟ್ಟಿದ್ದಾನೆಂದು ಆಮೇಲೆ ತಿಳಿಯಿತು. ನಾನೊಬ್ಬಳೇ ಹೋದೆ. ಬಾಗಿಲಿಗೆ ಬೀಗ ಇತ್ತು. ಪಕ್ಕದ ಔಷಧ ಅಂಗಡಿಯವನನ್ನು ಕೇಳಿದೆ.

“ಬಿಟ್ಟು ಹೋದ್ರು ಬಾಯಾರ. ಮತ್ತ ಆ ಉತ್ತರದ ಕಡೆನ ಹೋದ್ರಂತ.”

“ಯಾಕ?”

“ಪೇಷಂಟ್ ನಿಂದರಲಿಲ್ರೀ. ಒಬ್ಬೊಬ್ಬರಿಗೆ ಅರ್ಧ ತಾಸು ಪ್ರಶ್ನಾ ಕೇಳ್ತಿದ್ರು. ಸಂಡಾಸದ್ದು ಎಲ್ಲಾ ಕೇಳ್ತಾರ ಅಂತ ಮಂದಿ ಹೇಸಿಕೊಂಡ್ರು. ಅಷ್ಟು ಕೇಳಿ ಗುಳಿಗಿ ಬರದ್ರ ಒಂದೋ ಎರಡೋ. ಒಬ್ಬರಿಗೂ ಇಂಜೆಕ್ಷನ್ ಮಾಡ್ಲಿಲ್ಲ. ಹಂಗ ಮಾಡಿದ್ರ ನಮ್ಮ ಅಂಗಡಿನೂ ನಡಿಯೂದಿಲ್ಲ ನೋಡ್ರಿ.”

ಈ ಊರಿಗೆ ತಕ್ಕ ಡಾಕ್ಟರುಗಳು ಈ ಊರಿಗೆ ಸಿಕ್ಕಿದ್ದಾರೆ ಎಂದುಕೊಂಡು ಬಸ್ಸು ಹಿಡಿದೆ. ದೊಡ್ಡ ಡಾಕ್ಟರ ದವಾಖಾನೆಯ ಮೇಲೆ ಆ ವರ್ಷವೇ ಇನ್ನೊಂದು ಅಂತಸ್ತು ಎದ್ದಿತು.

ನನ್ನ ಮಗಳು ಹುಟ್ಟಿದ್ದು ಅದಾದ ಎರಡನೆಯ ವರ್ಷ, ಖಾನಾಪುರದಲ್ಲಿ. ಬಸಿರು ನಿಂತಿತು, ರಕ್ತವೂ ಏರಿತ್ತು, ಕೂಸು ದುಂಡಗಿತ್ತು. ಹಲ್ಲು ಬಂದ ಮೇಲೆ ಅವಳಿಗೆ ಮೊದಲ ಸಲ ಚಪಾತಿ ಕೊಡುವ ದಿನ, ನನ್ನ ರೋಗ ಅವಳಿಗೂ ಬಂದಿದ್ದರೆ ಎಂದು ನಾನು ಹೆದರಿ ಕೂತಿದ್ದೆ. ಅತ್ತೆ ಚೂರು ಚೂರು ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸಿದರು. ಅವತ್ತು ನೋಡಿದೆವು, ಮರುದಿನ ನೋಡಿದೆವು, ಇಡೀ ತಿಂಗಳು ಇಬ್ಬರೂ ಅವಳ ಲಂಗೋಟಿ ಬಿಚ್ಚಿ ಬಿಚ್ಚಿ ನೋಡಿದೆವು. ಏನೂ ಆಗಲಿಲ್ಲ. ಹುಡುಗಿ ಗೋಧಿ ತಿಂದು ಅರಗಿಸಿಕೊಂಡು, ಮತ್ತಷ್ಟು ಕೊಡೆಂದು ಕೈ ಚಾಚಿದಳು.

“ನಮ್ಮ ಮನಿ ಕರಳು,” ಎಂದರು ಅತ್ತೆ, ಗೆದ್ದವರಂತೆ ನನ್ನ ಕಡೆ ನೋಡಿ.